ಕಾರ್ಡಿನ ಕೊನೆಯ ವಾರ

ಗಂಡನ ಬಿಳಿ ಅಂಗಿಯನ್ನು ಯಂತ್ರಕ್ಕೆ ಹಾಕುವ ಮುನ್ನ ಜೇಬು ತಡವಿದ ಸೋಕ್ ಹೂನಳ ಬೆರಳಿಗೆ ಗಟ್ಟಿ ಕಾಗದವೊಂದು ತಾಗಿತು. ಬೋರ್ಡಿಂಗ್ ಪಾಸು. ಸಿಂಗಪುರದಿಂದ ಮಲೇಷ್ಯಾದ ಪೆನಾಂಗಿಗೆ. ಹೆಸರು ಕ್ವೆಕ್ ಕೆಂಗ್ ಹ್ವಾ, ತಾರೀಖು ಅಂದಿನದೇ, ವಿಮಾನ ಹೊರಡುವ ವೇಳೆ ಮಧ್ಯಾಹ್ನ ಮೂರು.

ಮಧ್ಯಾಹ್ನ ಮೂರೂವರೆಗೆ ಅವನು ಸೊಪ್ಪಿನ ಕಟ್ಟು ಹಿಡಿದು ಮನೆಯ ಬಾಗಿಲಲ್ಲಿ ನಿಂತಿದ್ದ. ಬಾಗಿಲು ತೆರೆದವಳು ಇವಳೇ.

ಅಡುಗೆಮನೆಯಿಂದ ಇಣುಕಿದಳು. ಕೆಂಗ್ ಹ್ವಾ ಊಟದ ಮೇಜಿನ ಮುಂದೆ ಕುಳಿತು ತಾಯಿಗಾಗಿ ಮೀನಿನ ಮುಳ್ಳು ಬಿಡಿಸುತ್ತಿದ್ದ. ಎದುರಿಗೆ ಮಗಳು ಹುಯಿ ಶಾನ್ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಚಮಚ ಹಿಡಿದಿದ್ದಳು.

"ಇವತ್ತು ಎಲ್ಲಿಗೆ ಹೋಗಿದ್ದೆಯಪ್ಪಾ?" ಎಂದು ಮುದುಕಿ ಕೇಳಿದಳು.

"ಆಫೀಸಲ್ಲೇ ಇದ್ದೆ ಮಾ. ಟೂರು ಬರೋ ವಾರ."

ಚೀನೀ ಹೊಸವರ್ಷದ ಕೆಂಪು ಲಾಂದ್ರಗಳನ್ನು ಇಳಿಸಿದ ವಾರವೇ ಅವನ ಕೆಲಸ ಹೋಗಿತ್ತು. ಹಡಗಿನ ಪಂಪು, ಕವಾಟ ಮಾರುವ ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದು, ಆಗ್ನೇಯ ಏಷ್ಯಾದ ದೇಶಗಳನ್ನೆಲ್ಲ ಸುತ್ತಿ, ವಿಮಾನ ಕಂಪನಿಯವರ ಅತಿ ಮೇಲಿನ ದರ್ಜೆಯ ಕಾರ್ಡನ್ನು ಸಂಪಾದಿಸಿದ್ದ ಮನುಷ್ಯ. ಕೆಲಸ ಹೋದದ್ದು ಹೆಂಡತಿಗೆ ಮಾತ್ರ ಗೊತ್ತು. ತಾಯಿಗೂ ಮಗಳಿಗೂ ಅವನು ಈಗಲೂ ಮ್ಯಾನೇಜರನೇ. ದಿನವೂ ಕೋಟು ತೊಟ್ಟು, ಗಾಲಿಯ ಪೆಟ್ಟಿಗೆ ಎಳೆದುಕೊಂಡು ಹೊರಡುತ್ತಿದ್ದ. ಗ್ರಂಥಾಲಯದಲ್ಲಿ ಕುಳಿತು ಅರ್ಜಿ ಬರೆಯುತ್ತೇನೆಂದು ಅವಳಿಗೆ ಹೇಳಿದ್ದ. ಅವಳು ನಂಬಿದ್ದಳು.

ಊಟ ಮುಗಿದ ಮೇಲೆ ಸೋಕ್ ಹೂನ್ ಅವನನ್ನು ಹಿಂದಿನ ಒಗೆಯುವ ಮೂಲೆಗೆ ಕರೆದಳು. ಬಟ್ಟೆಯನ್ನೇ ಹಾಕದೆ ಯಂತ್ರವನ್ನು ತಿರುಗಲು ಬಿಟ್ಟಳು. ಮುದುಕಿಯ ಕಿವಿ ಬಹಳ ಚುರುಕು.

"ಇದೇನು?"

ಕೆಂಗ್ ಹ್ವಾ ಪಾಸನ್ನು ನೋಡಿದ. ಸುಳ್ಳು ಹುಡುಕಿ, ಸಿಗದೆ ಬಾಯಿಬಿಟ್ಟ.

"ಲಾಂಜಿಗೆ ಹೋಗಿದ್ದೆ."

"ಯಾವ ಲಾಂಜು?"

"ವಿಮಾನ ನಿಲ್ದಾಣದ್ದು. ಪೂರ್ತಿ ಬೆಲೆಯ ಟಿಕೆಟ್ ತಗೊಂಡ್ರೆ ಒಳಗೆ ಬಿಡ್ತಾರೆ. ಕಾರ್ಡ್ ತೋರಿಸಿದ್ರೆ ಲಾಂಜು, ಕೂರೋಕೆ ಸೋಫಾ, ತಿನ್ನೋಕೆ ಬಿಟ್ಟಿ ಊಟ. ವಿಮಾನ ಹೊರಡೋ ಮೊದಲು ಟಿಕೆಟ್ ರದ್ದು ಮಾಡಿದ್ರೆ ದುಡ್ಡೆಲ್ಲ ವಾಪಸ್. ಬಂದಿಳಿದೋರ ಜೊತೆ ಸೇರ್ಕೊಂಡು ಹೊರಗೆ ಬರ್ತೀನಿ. ಯಾರಿಗೇನು ನಷ್ಟ?"

"ಎಷ್ಟು ದಿನದಿಂದ?"

"ಇತ್ತೀಚೆಗೆ."

"ತಲೆ ಕೆಟ್ಟಿದೆಯಾ ನಿನಗೆ? ಹಾರೋ ಉದ್ದೇಶ ಇಲ್ದೆ ಒಳಗೆ ಹೋದ್ರೆ ಜೈಲು ಅಂತ ಅಲ್ಲೇ ಗೋಡೆ ಮೇಲೆ ಬರೆದು ಹಾಕಿದಾರೆ. ಹೋದ ವರ್ಷ ಯಾರೋ ಹೆಂಡತೀನ ಬೀಳ್ಕೊಡೋಕೆ ಒಳಗೆ ಹೋಗಿ ಸಿಕ್ಕಿಬಿದ್ದಿದ್ದು ಪೇಪರಲ್ಲಿ ಬಂದಾಗ ನೀನೇ ನಕ್ಕಿದ್ದೆ!"

"ಮೆಲ್ಲಗೆ ಮಾತಾಡು."

"ಅರ್ಜಿ ಬರೆಯೋಕೆ ಲಾಂಜೇ ಬೇಕಾ? ಗ್ರಂಥಾಲಯಕ್ಕೆ ಏನಾಗಿದೆ?"

"ಗ್ರಂಥಾಲಯದಲ್ಲಿ ಯಾರಿರ್ತಾರೆ ಹೇಳು? ಪರೀಕ್ಷೆಗೆ ಓದೋ ಹುಡುಗರು, ತಂಪಿಗೆ ಬಂದು ನಿದ್ದೆ ಹೊಡೆಯೋ ಮುದುಕರು. ನನಗೆ ಕೆಲಸ ಕೊಡೋರು ಅಲ್ಲಿಗೆ ಬರ್ತಾರಾ? ಹಾಲ್ವರ್ಸನ್ ನೆನಪಿದಾನಾ? ನಾರ್ವೆಯವನು, ಹಡಗು ಕಟ್ಟೋ ಕಂಪನಿಯವನು. 'ಆ ಕಂಪನಿ ಬಿಟ್ಟ ದಿನ ನನ್ನ ಹತ್ರ ಬಾ' ಅಂದಿದ್ದ. ತಿಂಗಳಿಗೊಂದ್ಸಲ ಅವನು ಆ ಲಾಂಜಿಂದಾನೇ ಹೋಗೋದು."

"ಫೋನ್ ಮಾಡು ಅವನಿಗೆ!"

"ಮಾಡಿದೆ. ಸೆಕ್ರೆಟರಿ ಹೆಸರು ಬರ್ಕೋತಾಳೆ, ಅಷ್ಟೆ. ಕೆಲಸ ಹೋದೋನು ಫೋನ್ ಮಾಡಿದ್ರೆ ಅದು ಭಿಕ್ಷೆ ಆಹೂನ್. ಲಾಂಜಲ್ಲಿ ಎದುರಿಗೆ ಸಿಕ್ಕಿದ್ರೆ ಅದು ಭೇಟಿ." ಅವನು ಅವಳ ಕೈಯಿಂದ ಪಾಸನ್ನು ತೆಗೆದುಕೊಂಡು ಚೂರುಚೂರಾಗಿ ಹರಿದ. "ಈ ತಿಂಗಳ ಕೊನೆಗೆ ಕಾರ್ಡಿನ ಅವಧಿ ಮುಗಿಯುತ್ತೆ. ಆಮೇಲೆ ನಾನು ಹೋಗ್ತೀನಿ ಅಂದ್ರೂ ಯಾರೂ ಬಿಡಲ್ಲ. ಅಲ್ಲೀವರೆಗೆ ತಡ್ಕೋ."

"ಅಲ್ಲೀವರೆಗೆ ಸಿಕ್ಕಿಬಿದ್ರೆ? ಪೊಲೀಸ್ ಕೇಸು ಇರೋನಿಗೆ ಈ ಊರಲ್ಲಿ ಲಿಫ್ಟ್ ಒರೆಸೋ ಕೆಲಸಾನೂ ಸಿಗಲ್ಲ."

ಒಳಗಿನಿಂದ ಸೊಸೆಯನ್ನು ಕೂಗುವ ಮುದುಕಿಯ ದನಿ ಬಂತು. "ಆಹೂನ್! ಒಂದು ಅಂಗಿಗೆ ಎಷ್ಟು ಹೊತ್ತು ತಿರುಗಿಸ್ತೀಯ? ಕರೆಂಟಿನ ಬಿಲ್ಲು ನಿಮ್ಮಪ್ಪ ಕಟ್ತಾನಾ?"

*

ಸೋಕ್ ಹೂನ್ ಮರುದಿನದಿಂದ ಮಾರುಕಟ್ಟೆಯ ಪಕ್ಕದ ಅನ್ನದಂಗಡಿಯೊಂದರಲ್ಲಿ ಬಡಿಸುವ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಎಲೆಕೋಸು ಹೆಚ್ಚಬೇಕು, ಹನ್ನೊಂದರಿಂದ ತಟ್ಟೆಗೆ ಅನ್ನ ಹಾಕಿ, ಗಿರಾಕಿ ಬೆರಳು ತೋರಿಸಿದ ಪದಾರ್ಥಗಳನ್ನು ಮೇಲೆ ಸುರಿಯಬೇಕು. ಸಂಬಳದ ಜೊತೆ ಉಳಿದ ಪದಾರ್ಥವೂ ಸಿಗುತ್ತಿತ್ತು. ರಾತ್ರಿಯೂಟಕ್ಕೆ ಅದೇ ಆಯಿತು.

ಎರಡನೆಯ ವಾರಕ್ಕೆ ಮುದುಕಿ ಚಾಪ್‌ಸ್ಟಿಕ್ಕನ್ನು ಮೇಜಿನ ಮೇಲೆ ಕುಕ್ಕಿದಳು.

"ಮತ್ತೆ ಮೊಟ್ಟೆ, ಮತ್ತೆ ಎಲೆಕೋಸು. ಮ್ಯಾನೇಜರನ ಮನೆಯೋ, ಅನಾಥಾಲಯವೋ?"

"ಅಂಗಡಿಯಲ್ಲಿ ಉಳಿದಿತ್ತಮ್ಮಾ. ಬಿಸಾಕೋಕೆ ಮನಸ್ಸು ಬರಲಿಲ್ಲ."

"ಆ ಅಂಗಡೀಲಿ ನಿನಗೇನು ಕೆಲಸ? ಕೆಳಗಿನ ಮನೆಯ ಗೋಹ್ ಮುದುಕಿ ಕೇಳಿದ್ಲು, 'ನಿನ್ನ ಸೊಸೆ ಅನ್ನ ಬಡಿಸ್ತಿದಾಳಲ್ಲ, ಮಗನಿಗೆ ಏನಾದ್ರೂ ಆಯ್ತಾ?' ಅಂತ. ನನಗೆ ಮುಖ ಎತ್ತೋಕಾಗಲಿಲ್ಲ."

"ಮನೇಲಿ ಕೂತು ಬೇಜಾರು ಅಂತ ಹೋಗ್ತಿದೀನಿ."

"ಬೇಜಾರಾದ್ರೆ ಮಾಜಾಂಗ್ ಆಡು!"

"ಟ್ಯೂಷನ್ ಯಾಕೆ ಬಿಡಿಸಿದ್ದು? ಅದನ್ನ ಕೇಳು ಆಮಾ," ಎಂದು ಹುಯಿ ಶಾನ್ ಪುಸ್ತಕದಿಂದ ಅಜ್ಜಿಯತ್ತ ತಲೆಯೆತ್ತಿದಳು. "ವರ್ಷದ ಕೊನೆಗೆ ದೊಡ್ಡ ಪರೀಕ್ಷೆ. ಗಣಿತದ ಟೀಚರು ಮೂರು ಸಲ ಮೆಸೇಜ್ ಮಾಡಿದಾರೆ. ಅಮ್ಮ ಬರೀ 'ಮುಂದಿನ ತಿಂಗಳು' ಅಂತಾಳೆ."

"ಮುಂದಿನ ತಿಂಗಳು ಅಂದ್ರೆ ಮುಂದಿನ ತಿಂಗಳು. ಊಟ ಮಾಡು."

"ಹಿಂದಿನ ತಿಂಗಳೂ ಅದನ್ನೇ ಹೇಳಿದ್ದೆ."

ಕೆಂಗ್ ಹ್ವಾ ಕೋಟಿನ ಜೇಬಿನಿಂದ ಕಾಗದದ ಕರವಸ್ತ್ರದಲ್ಲಿ ಸುತ್ತಿದ ಚೀಸ್ ತುಂಡುಗಳನ್ನೂ ಎರಡು ಚಾಕೊಲೇಟುಗಳನ್ನೂ ತೆಗೆದು ಮಗಳ ಮುಂದಿಟ್ಟ. "ತಗೋ. ನಿನಗೆ ಅಂತ ತಂದೆ."

"ನನಗೆ ಚೀಸ್ ಬೇಡ ಅಪ್ಪಾ. ಟ್ಯೂಷನ್ ಬೇಕು."

ಸೋಕ್ ಹೂನ್ ಆ ತುಂಡುಗಳನ್ನು ನೋಡಿದಳು. ಅಂದರೆ ಇವತ್ತೂ ಹೋಗಿದ್ದಾನೆ. ಅವಳು ಎದ್ದು, ಕರವಸ್ತ್ರದ ಮೇಲೆ ಅಚ್ಚಾಗಿದ್ದ ವಿಮಾನದ ಗುರುತು ಕಾಣದಂತೆ ಅದನ್ನು ಮುದ್ದೆ ಮಾಡಿ ಕಸಕ್ಕೆ ಹಾಕಿದಳು. ಅಂದಿನಿಂದ ಮನೆಯ ಗಂಟೆ ಬಾರಿಸಿದಾಗಲೆಲ್ಲ ಪೊಲೀಸರೇ ಬಂದರೆಂದು ಅವಳು ಮೊದಲು ಬಾಗಿಲ ಕಿಂಡಿಯಲ್ಲಿ ಇಣುಕುತ್ತಿದ್ದಳು. ಬಂದವರು ಗ್ಯಾಸಿನವರು, ಒಮ್ಮೆ ಸೊಳ್ಳೆ ತಪಾಸಣೆಯವರು.

*

ಮೂರನೆಯ ವಾರದಲ್ಲಿ ಗೋಹ್ ಮುದುಕಿ ಬ್ಯಾಂಕಾಕಿನಿಂದ ಹಿಂದಿರುಗಿದಳು. ಅವಳನ್ನು ಮಗ ಲಾಂಜಿಗೆ ಕರೆದುಕೊಂಡು ಹೋಗಿದ್ದನಂತೆ. ಕಟ್ಟಡದ ಕೆಳಗಿನ ಕಲ್ಲಿನ ಬೆಂಚುಗಳ ಮೇಲೆ ಆ ಸುದ್ದಿ ಎರಡು ದಿನ ಓಡಾಡಿತು. ಮೂರನೆಯ ದಿನ ಕೆಂಗ್ ಹ್ವಾನ ತಾಯಿ ಮೇಲೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತು ಮಗನನ್ನು ಕೂಗಿದಳು.

"ಆಹ್ವಾ! ಅವಳ ಮಗ ಬ್ಯಾಂಕಿನ ಗುಮಾಸ್ತ. ಕ್ರೆಡಿಟ್ ಕಾರ್ಡ್ ತೋರಿಸಿ ತಾಯೀನ ಲಾಂಜಿಗೆ ಕರ್ಕೊಂಡು ಹೋದ. ನೀನು ಇಪ್ಪತ್ತು ವರ್ಷದಿಂದ ಅಲ್ಲಿ ತಿಂತಾ ಇದೀಯ. ಹೋಟೆಲಿನ ತಟ್ಟೆ ತೊಳೆದು ನಿನ್ನ ಓದಿಸಿದೋಳು ನಾನು. ನನ್ನ ಒಂದು ದಿನ ಕರ್ಕೊಂಡು ಹೋಗಿದೀಯಾ?"

"ಅದಕ್ಕೆ ವಿಮಾನ ಹತ್ತಬೇಕು ಮಾ."

"ಹತ್ತಿಸು! ಪೆನಾಂಗಲ್ಲಿ ನನ್ನ ತಂಗಿ ಸೊಂಟ ಮುರ್ಕೊಂಡು ಮಲಗಿದಾಳೆ. ಬಾ ಅಕ್ಕಾ, ಬಾ ಅಕ್ಕಾ ಅಂತ ದಿನಾ ಫೋನಲ್ಲಿ ಅಳ್ತಾಳೆ. ಅವಳ ಮುಖಾನೂ ನೋಡ್ತೀನಿ, ನಿನ್ನ ಲಾಂಜೂ ನೋಡ್ತೀನಿ. ನಾನು ಸತ್ತ ಮೇಲೆ ಕಾಗದದ ವಿಮಾನ ಸುಟ್ಟು ಪರಲೋಕಕ್ಕೆ ಕಳಿಸ್ತೀಯಾ? ಆಗ ಯಾವ ಲಾಂಜಿಗೆ ಹೋಗ್ಲಿ?"

ಕೆಂಗ್ ಹ್ವಾ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣಲ್ಲೇ ಬೇಡವೆಂದಳು.

"ಆಗಲಿ ಮಾ," ಎಂದ ಅವನು. "ಈ ವಾರಾನೇ ಹೋಗೋಣ. ಕಾರ್ಡಿದ್ರೆ ಇನ್ನಿಬ್ಬರನ್ನ ಒಳಗೆ ಬಿಡ್ತಾರೆ. ಆಹೂನ್ ಕೂಡ ಬರಲಿ."

ಒಗೆಯುವ ಮೂಲೆಯಲ್ಲಿ ಮತ್ತೆ ಖಾಲಿ ಯಂತ್ರ ತಿರುಗಿತು.

"ಹೆತ್ತ ತಾಯೀನ ಮುಂದಿಟ್ಟುಕೊಂಡು ನಾಟಕ ಆಡ್ತೀಯಾ? ಒಳಗೆ ಕೂರಿಸಿ, ತಿನ್ನಿಸಿ, 'ವಿಮಾನ ಕೆಟ್ಟಿದೆ, ಮನೆಗೆ ಹೋಗೋಣ' ಅಂತೀಯಾ?"

"ಇಲ್ಲ."

"ಅಗ್ಗದ ಟಿಕೆಟ್ ತಗೋ. ವಾಪಸ್ ಕೊಡೋಕಾಗದೇ ಇರೋದು. ದುಡ್ಡು ನಾನು ಕೊಡ್ತೀನಿ, ಅಂಗಡಿಯ ಸಂಬಳ ಇದೆ. ಅಚ್ಚು ಹಾಕಿಸಿ ನನ್ನ ಕೈಗೆ ಕೊಡು. ಹೋದ್ರೆ ನಿಜವಾಗಿ ಹಾರಬೇಕು. ಇಲ್ದಿದ್ರೆ ಈಗಲೇ ಒಳಗೆ ಹೋಗಿ ಅಮ್ಮನಿಗೆ ಎಲ್ಲಾನೂ ಹೇಳ್ತೀನಿ."

ಮರುದಿನವೇ ಅವನು ಟಿಕೆಟುಗಳನ್ನು ತಂದುಕೊಟ್ಟ. ಮೂರರ ಮೇಲೂ ಹಣ ಮರಳಿಸಲಾಗದು ಎಂದು ಅಚ್ಚಾಗಿತ್ತು. ಸೋಕ್ ಹೂನ್ ಆ ಸಾಲನ್ನು ಎರಡು ಸಲ ಓದಿದಳು. ಹಲವು ವಾರಗಳ ನಂತರ ಮೊದಲ ಸಲ ಅವಳಿಗೆ ಹಸಿವಾಯಿತು.

*

ಮುದುಕಿ ಕೂದಲಿಗೆ ಸುರುಳಿ ಹಾಕಿಸಿಕೊಂಡಳು. ಮದುವೆಮನೆಗೆ ಮಾತ್ರ ಹೊರಬರುತ್ತಿದ್ದ ಹಸಿರು ಜೇಡ್ ಬಳೆ ತೊಟ್ಟಳು. ತಂಗಿಗೆಂದು ಬಾದಾಮಿ ಬಿಸ್ಕತ್ತು, ನೋವಿನೆಣ್ಣೆ, ಒಂದು ಕಂಬಳಿ ಕಟ್ಟಿಕೊಂಡಳು. ಮಂಡಿ ನೋವಿನವಳಾದ್ದರಿಂದ ವಿಮಾನ ಕಂಪನಿಯವರು ತಾವಾಗಿಯೇ ಗಾಲಿಕುರ್ಚಿಯನ್ನು ಕೊಟ್ಟರು. ಅದನ್ನು ತಳ್ಳುತ್ತಿದ್ದ ನಡುವಯಸ್ಸಿನವನು ಹೊರಡುವ ಹೊತ್ತಿಗೆ ಬಂದು ಕರೆದೊಯ್ಯುತ್ತೇನೆಂದು ಹೇಳಿ, ಲಾಂಜಿನ ಬಾಗಿಲಲ್ಲಿ ಬಿಟ್ಟು ಹೋದ.

ಕೌಂಟರಿನ ಹುಡುಗಿ ಕಾರ್ಡು ನೋಡುವ ಮೊದಲೇ ನಕ್ಕಳು. "ಸ್ವಾಗತ, ಮಿಸ್ಟರ್ ಕ್ವೆಕ್. ಈ ತಿಂಗಳು ನಿಮಗೆ ತುಂಬ ಓಡಾಟ, ಅಲ್ವಾ ಸರ್?"

"ಹೌದು, ಹೌದು," ಎಂದ ಕೆಂಗ್ ಹ್ವಾ.

"ಏನಂದ್ಲು?" ಎಂದು ಮುದುಕಿ ಸೊಸೆಯನ್ನು ಕೇಳಿದಳು. ಇಂಗ್ಲಿಷ್ ಬಾರದ ಮುದುಕಿಗೆ ಬರುತ್ತಿದ್ದುದು ತಿಯೋಚ್ಯೂ ಎಂಬ ಚೀನೀ ನುಡಿ ಮತ್ತು ಸಂತೆಯ ಹರಕು ಮಲಯ್ ಮಾತ್ರ.

"ನಿಮ್ಮ ಮಗನ ಗುರುತಿದೆ ಅಂತಾಳೆ."

"ಇರದೇ ಏನು! ಗೋಹ್ ಮಗನ ಹೆಸರು ಯಾವಳಿಗೆ ಗೊತ್ತಿದೆ?"

ಸೋಕ್ ಹೂನಳಿಗೆ ಆ ಹುಡುಗಿಯ ನಗು ಹಿಡಿಸಲಿಲ್ಲ. ಆದರೆ ಅತ್ತೆ ಆಗಲೇ ಊಟದ ಸಾಲಿನತ್ತ ತನ್ನ ಊರುಗೋಲು ಚಾಚಿದ್ದಳು.

ಮುದುಕಿ ತೆಂಗಿನಹಾಲಿನ ಲಕ್ಸಾ ಶಾವಿಗೆ ತಿಂದಳು. ಬಾತುಕೋಳಿ ತಿಂದಳು. ಮತ್ತೆ ಲಕ್ಸಾ ತರಿಸಿದಳು. ಸುತ್ತಲೂ ನೋಡಿ ದನಿ ತಗ್ಗಿಸಿದಳು.

"ಇಷ್ಟು ಜನ ಕೂತಿದಾರೆ, ಒಬ್ಬರೂ ಮಾತಾಡಲ್ಲ. ನಮ್ಮ ಕಟ್ಟಡದ ಕೆಳಗೆ ಹೆಣ ಇಟ್ಟಾಗಲೂ ಇದಕ್ಕಿಂತ ಗಲಾಟೆ ಇರುತ್ತೆ."

"ಇಲ್ಲಿ ಹಾಗೇ ಮಾ."

"ಹ್ಞೂಂ. ಸೀಗಡಿ ಮಾತ್ರ ತಾಜಾ." ಆಕೆ ಚೀಲದಿಂದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ಸೀಗಡಿ ಕಡುಬುಗಳನ್ನು ಒಂದೊಂದಾಗಿ ತುಂಬತೊಡಗಿದಳು.

"ಮಾ! ಹೊರಗಿನೋರಿಗೆ ತಗೊಂಡು ಹೋಗೋ ಹಾಗಿಲ್ಲ."

"ನನ್ನ ತಂಗಿ ಹೊರಗಿನೋಳಾ?"

ಸೋಕ್ ಹೂನ್ ನಕ್ಕುಬಿಟ್ಟಳು. ಕೆಂಗ್ ಹ್ವಾನೂ ನಕ್ಕ. ಆ ನಗು ಅವನ ಮುಖದಲ್ಲಿರುವಾಗಲೇ ಕಣ್ಣು ಬಾಗಿಲತ್ತ ಹೋಯಿತು. ಬೂದುಬಣ್ಣದ ಕೋಟಿನ, ಎತ್ತರದ, ಬಿಳಿ ಹುಬ್ಬಿನ ವ್ಯಕ್ತಿಯೊಬ್ಬ ಒಳಗೆ ಬರುತ್ತಿದ್ದ.

"ಹಾಲ್ವರ್ಸನ್," ಎಂದು ಪಿಸುಗುಟ್ಟಿ ಅವನು ಎದ್ದ.

ಸೋಕ್ ಹೂನ್ ದೂರದಿಂದ ನೋಡುತ್ತ ಕುಳಿತಳು. ಕೈಕುಲುಕಿದರು. ಗಂಡ ಏನೋ ಹೇಳಿದ. ಬಿಳಿ ಹುಬ್ಬಿನವನ ಮುಖ ಗಂಭೀರವಾಯಿತು. ಆಮೇಲೆ ಅವನು ಫೋನು ತೆಗೆದು ಯಾರೊಂದಿಗೋ ಮಾತಾಡಿ ಕೆಂಗ್ ಹ್ವಾನ ಹೆಗಲು ತಟ್ಟಿದ. ಗಂಡ ಹಿಂದಿರುಗಿ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ.

"ನಾಲ್ಕು ಗಂಟೆಗೆ. ಅವರ ಇಲ್ಲಿನ ಆಫೀಸಿನ ಮುಖ್ಯಸ್ಥನ ಹತ್ರ. ನನ್ನೆದುರಿಗೇ ಫೋನ್ ಮಾಡಿದ. ಜಾಗ ಖಾಲಿ ಇದೆಯಂತೆ ಆಹೂನ್! ಆ ಮುಖ್ಯಸ್ಥ ಇವತ್ತು ರಾತ್ರೀನೇ ನಾರ್ವೆಗೆ ಹೋಗ್ತಾನೆ. ಅವನು ಬರೋಷ್ಟರಲ್ಲಿ ಬೇರೆ ಯಾರನ್ನಾದ್ರೂ ಹಿಡಿದಿರ್ತಾರೆ. ಇವತ್ತೇ ಹೋಗಬೇಕು."

"ಹೋಗು. ನಾವಿಬ್ಬರೂ ಪೆನಾಂಗಿಗೆ ಹೋಗಿ ರಾತ್ರಿ ಬರ್ತೀವಿ."

"ಏನಂತೆ?" ಎಂದಳು ಮುದುಕಿ, ಡಬ್ಬಿಯ ಮುಚ್ಚಳ ಒತ್ತುತ್ತ.

"ಆಫೀಸಿಂದ ಕರೆ ಬಂದಿದೆ ಮಾ. ನಾನು ಉಳ್ಕೊಳ್ಳಬೇಕು. ಆಹೂನ್ ನಿನ್ನ ಕರ್ಕೊಂಡು ಹೋಗ್ತಾಳೆ."

"ನೋಡು, ಒಂದು ದಿನ ಬಿಡಲ್ಲ ಅವರು!" ದೂರಿನಂತೆ ಹೇಳಿದರೂ ಆ ದನಿಯಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ಕೆಂಗ್ ಹ್ವಾ ಪೆಟ್ಟಿಗೆಯ ಹಿಡಿಯನ್ನು ಎಳೆದ. ಸೋಕ್ ಹೂನ್ ಅವನ ತೋಳು ಹಿಡಿದಳು.

"ಹೇಗೆ ಹೊರಗೆ ಹೋಗ್ತೀಯ?"

"ಯಾವತ್ತಿನ ಹಾಗೆ. ದಾರಿ ಗೊತ್ತು."

"ಬೇಡ. ಇವತ್ತು ಕಳ್ಳನ ಥರ ಹೋಗಬೇಡ. ನಿಜವಾದ ಟಿಕೆಟಿದೆ, ನಿಜವಾದ ಕಾರಣ ಇದೆ. ಕೌಂಟರಿಗೆ ಹೇಳು. ಅವರೇ ಹೊರಗೆ ಬಿಟ್ಟು ಬರ್ತಾರೆ."

"ಕೌಂಟರು ಬೇಡ ಆಹೂನ್."

"ನಾಲ್ಕು ಗಂಟೆಗೆ ಹೊಸ ಕೆಲಸ. ಮೂರು ಗಂಟೆಗೆ ಯಾರಾದ್ರೂ ನಿನ್ನ ಕತ್ತು ಹಿಡಿದ್ರೆ? ನೀನು ಹೇಳಲ್ವಾ? ನಾನೇ ಹೇಳ್ತೀನಿ."

ಅವನು ತಡೆಯುವಷ್ಟರಲ್ಲಿ ಅವಳು ಕೌಂಟರಿನ ಮುಂದಿದ್ದಳು. ಗಂಡನಿಗೆ ತುರ್ತು ಭೇಟಿಯಿದೆ, ಅವನೊಬ್ಬ ಹಾರುವುದಿಲ್ಲ, ಹೊರಗೆ ಹೋಗಬೇಕು ಎಂದು ಮರ್ಯಾದೆಯಿಂದಲೇ ಹೇಳಿದಳು. ಹುಡುಗಿ ನಗುತ್ತಲೇ ಪರದೆಯ ಮೇಲೆ ಏನನ್ನೋ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಪರದೆ ಬಹಳ ಕೆಳಗಿನವರೆಗೆ ಓಡಿತು. ನಗು ನಿಂತಿತು.

"ಮೇಡಂ, ದಯವಿಟ್ಟು ಒಂದು ನಿಮಿಷ ಕೂತಿರಿ."

*

ಬಂದವರು ಇಬ್ಬರು. ಮುಂದಿದ್ದಾಕೆ ತಲೆಗೆ ಕಪ್ಪು ವಸ್ತ್ರ ಸುತ್ತಿದ ಪೊಲೀಸ್ ಅಧಿಕಾರಿ. ಸೊಂಟದಲ್ಲಿ ಪಿಸ್ತೂಲಿದ್ದರೂ ಮಾತು ಮೆತ್ತಗಿತ್ತು. ಅದೇ ಹೊತ್ತಿಗೆ ಗಾಲಿಕುರ್ಚಿಯವನೂ ಬಂದಿದ್ದ. ಮುದುಕಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತಾಗಿತ್ತು.

"ಮಿಸ್ಟರ್ ಕ್ವೆಕ್, ನೀವು ಇವತ್ತು ಹಾರ್ತಾ ಇಲ್ಲ ಯಾಕೆ?"

"ತುರ್ತು ಭೇಟಿ. ನಾಲ್ಕು ಗಂಟೆಗೆ."

ಮುದುಕಿಗೆ ಮಾತು ತಿಳಿಯಲಿಲ್ಲ. ಸಮವಸ್ತ್ರ ತಿಳಿಯಿತು, ಮಗನ ಬಿಳಿಚಿದ ಮುಖ ತಿಳಿಯಿತು. ಮಡಿಲಲ್ಲಿದ್ದ ಡಬ್ಬಿಯನ್ನು ಕಂಬಳಿಯ ಕೆಳಗೆ ತಳ್ಳಿ, ತನ್ನ ಹರಕು ಮಲಯ್‌ನಲ್ಲಿ ತಾನೇ ಮುನ್ನುಗ್ಗಿದಳು.

"ಮಗಳೇ, ನನ್ನ ಮಗಂದು ಏನೂ ತಪ್ಪಿಲ್ಲ. ನನಗೇ ತಲೆ ಸುತ್ತು ಬಂತು. ಮುದುಕಿ ನೋಡು. ವಿಮಾನ ಬೇಡ, ಮನೆಗೆ ಕರ್ಕೊಂಡು ಹೋಗು ಅಂತ ನಾನೇ ಹೇಳಿದೆ. ಅದಕ್ಕೇ ಅವನು ಹೋಗ್ತಿಲ್ಲ."

"ಅಮ್ಮಾ, ಸುಮ್ಮನಿರಿ!" ಎಂದಳು ಸೋಕ್ ಹೂನ್.

"ನೀನು ಸುಮ್ಮನಿರು. ನನಗೆ ಗೊತ್ತು ಇಂಥೋರ ಹತ್ರ ಹೇಗೆ ಮಾತಾಡಬೇಕು ಅಂತ."

ಅಧಿಕಾರಿ ಸೋಕ್ ಹೂನಳತ್ತ ತಿರುಗಿದಳು. "ಕೌಂಟರಿನಲ್ಲಿ ನೀವು ಭೇಟಿ ಅಂದಿರಿ. ಇವರು ತಲೆಸುತ್ತು ಅಂತಾರೆ. ನೀವಿಬ್ಬರೂ ಪೆನಾಂಗಿಗೆ ಹೊರಟಿದ್ದೀರಿ ಅಂತಲೂ ಕೌಂಟರಿನಲ್ಲಿ ಬರೆದಿದೆ. ಯಾವುದು ನಿಜ?"

"ಭೇಟಿ ನಿಜ. ನಮ್ಮತ್ತೆ ಹೆದರಿ ಹಾಗಂದ್ರು. ಇದು ಹಣ ವಾಪಸ್ ಬರದ ಟಿಕೆಟ್, ನೋಡಿ. ಹಾರೋ ಉದ್ದೇಶ ಇಲ್ದಿದ್ರೆ ಇಂಥದ್ದು ಯಾಕೆ ತಗೋತೀವಿ?"

"ಇವತ್ತಿನದು ಸರಿ." ಅಧಿಕಾರಿ ಕೈಯಲ್ಲಿದ್ದ ಫೋನನ್ನು ಅವಳತ್ತ ತಿರುಗಿಸಿದಳು. "ಇದೇ ಹೆಸರಲ್ಲಿ ಈ ತಿಂಗಳು ಇಷ್ಟು ಸಲ ಟಿಕೆಟ್ ತಗೊಂಡಿದಾರೆ. ಎಲ್ಲಾ ಸಲಾನೂ ಒಳಗೆ ಬಂದು ರದ್ದು ಮಾಡಿದಾರೆ. ಆಗೆಲ್ಲ ಯಾರಿಗೆ ತಲೆಸುತ್ತು ಬಂದಿತ್ತು?"

ಹಾಲ್ವರ್ಸನ್ ದೂರದ ಕುರ್ಚಿಯಲ್ಲಿ ಪತ್ರಿಕೆ ಇಳಿಸಿ ಇತ್ತಲೇ ನೋಡುತ್ತಿದ್ದ. ಕೆಂಗ್ ಹ್ವಾ ಅವನಿಗೆ ಬೆನ್ನು ಹಾಕಿ ನಿಂತ.

"ದಯವಿಟ್ಟು ನನ್ನ ನಾಲ್ಕು ಗಂಟೆಗೆ ಬಿಡಿ," ಎಂದ. "ಆರು ಗಂಟೆಗೆ ನಾನೇ ನಿಮ್ಮ ಠಾಣೆಗೆ ಬರ್ತೀನಿ. ಪಾಸ್‌ಪೋರ್ಟ್ ಇಟ್ಕೊಳ್ಳಿ. ಹೆಂಡತೀನ ಇಲ್ಲೇ ಕೂರಿಸ್ಕೊಳ್ಳಿ ಬೇಕಾದ್ರೆ. ನಾಲ್ಕು ಗಂಟೆಗೆ ಒಂದೇ ಒಂದು ಗಂಟೆ ಬಿಡಿ."

"ಸಾಧ್ಯ ಇಲ್ಲ ಸರ್."

ಕಿಟಕಿಯಿಲ್ಲದ ಕೋಣೆಯೊಂದಕ್ಕೆ ಅವರನ್ನು ಕರೆದೊಯ್ದರು. ಮೊದಲು ಕ್ಷಮೆ ಕೇಳಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು. ಆಮೇಲೆ ಮೂವರನ್ನೂ ಒಟ್ಟಿಗೆ. ಪೆನಾಂಗಿನ ವಿಮಾನ ಅವರಿಲ್ಲದೆಯೇ ಹಾರಿತು. ಗೋಡೆಯ ಗಡಿಯಾರ ನಾಲ್ಕನ್ನು ಮುಟ್ಟಿದಾಗ ಕೆಂಗ್ ಹ್ವಾನ ಫೋನು ಮೇಜಿನ ಮೇಲೆ ಗುಂಯ್‌ಗುಟ್ಟಿತು. ಎತ್ತಲು ಅವರು ಬಿಡಲಿಲ್ಲ. ಅದು ನಿಂತು, ಇನ್ನೊಮ್ಮೆ ಗುಂಯ್‌ಗುಟ್ಟಿ, ಪೂರ್ತಿ ಸುಮ್ಮನಾಯಿತು.

"ಆಫೀಸಿನೋರಾ?" ಎಂದು ಮುದುಕಿ ಕೇಳಿದಳು. "ಎತ್ತಿ ಹೇಳು ಮಗನೇ, ಬರೋದು ತಡ ಆಗುತ್ತೆ ಅಂತ."

"ಆಫೀಸಿಲ್ಲ ಮಾ."

"ಇಲ್ಲ ಅಂದ್ರೆ?"

"ಹೊಸವರ್ಷ ಮುಗಿದಾಗಲೇ ತೆಗೆದುಹಾಕಿದ್ರು."

ಮುದುಕಿ ಮಗನನ್ನೇ ನೋಡಿದಳು. ಆಮೇಲೆ ಸೊಸೆಯನ್ನು. ಎಲೆಕೋಸು, ಮೊಟ್ಟೆ, ಅನ್ನದಂಗಡಿ, ಟ್ಯೂಷನ್ನು ಎಲ್ಲವೂ ಆ ಒಂದು ನೋಟದಲ್ಲಿ ಅವಳಿಗೆ ಜೋಡಣೆಯಾಗುತ್ತಿದ್ದುದು ಸೋಕ್ ಹೂನಳಿಗೆ ಕಾಣಿಸಿತು.

"ಕೊನೆಯ ಪ್ರಶ್ನೆ," ಎಂದು ಅಧಿಕಾರಿ ಸೋಕ್ ಹೂನಳನ್ನು ಕೇಳಿದಳು. "ಗಂಡ ಇಲ್ಲಿಗೆ ಹೀಗೆ ಬರ್ತಿದ್ದದ್ದು ನಿಮಗೆ ಮೊದಲೇ ಗೊತ್ತಿತ್ತಾ?"

"ಅವಳಿಗೆ ಗೊತ್ತಿಲ್ಲ," ಎಂದ ಕೆಂಗ್ ಹ್ವಾ.

"ನಾನು ಅವರನ್ನ ಕೇಳಿದ್ದು."

ಒಂದು ನಿಜ ಹೇಳಿ ಈ ಕೋಣೆಯವರೆಗೆ ಬಂದಿದ್ದಾಯಿತು. ಮನೆಯಲ್ಲಿ ಪರೀಕ್ಷೆಗೆ ಓದುತ್ತಿರುವ ಹುಡುಗಿಗೆ ನಾಳೆ ಬೆಳಿಗ್ಗೆ ಬಾಗಿಲು ತೆರೆಯಲು ಯಾರಾದರೂ ಒಬ್ಬರು ಬೇಕು.

"ಗೊತ್ತಿರಲಿಲ್ಲ," ಎಂದಳು ಸೋಕ್ ಹೂನ್.

ಕೆಂಗ್ ಹ್ವಾ ಅದನ್ನೇ ಕಾಯುತ್ತಿದ್ದವನಂತೆ ಕಣ್ಣು ಮುಚ್ಚಿದ. ಅವನನ್ನು ಇನ್ನೊಂದು ಬಾಗಿಲಿಂದ ಕರೆದುಕೊಂಡು ಹೋದರು. ಹೋಗುವಾಗ ಕಾರ್ಡನ್ನು ಮೇಜಿನ ಮೇಲಿಡಲು ಹೇಳಿದರು. ಅವನು ಇಟ್ಟ.

*

ಅದೇ ಗಾಲಿಕುರ್ಚಿಯವನು ಇಬ್ಬರನ್ನೂ ಹೊರಗಿನ ಹಜಾರಕ್ಕೆ ತಂದು ಬಿಟ್ಟ. ಬಂದಿಳಿದವರು ಹೂಗುಚ್ಛ ಹಿಡಿದು ನಿಂತವರನ್ನು ತಬ್ಬಿಕೊಳ್ಳುತ್ತಿದ್ದರು. ಬಸ್ಸಿನ ದಾರಿ ಯಾವ ಕಡೆಗೆಂದು ಸೋಕ್ ಹೂನ್ ಹುಡುಕಿದಳು. ಮುದುಕಿ ಕುರ್ಚಿಯಿಂದ ಏಳಲಿಲ್ಲ.

"ನಿನಗೆ ಗೊತ್ತಿತ್ತು," ಎಂದಳು.

"ಹ್ಞೂಂ ಅಮ್ಮಾ."

"ಕೌಂಟರಿಗೆ ಹೋಗಿ ಹೇಳಿದ್ದು ಯಾರು?"

"ನಾನೇ."

ಬೈಗುಳಕ್ಕೆ ಸೋಕ್ ಹೂನ್ ಕಾದಳು. ಬೀದಿಯಲ್ಲಿ ನಿಲ್ಲಿಸಿ ಅಳಿಸುವಂಥ ನಾಲಿಗೆ ಅತ್ತೆಯದು. ಆದರೆ ಮುದುಕಿ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿದಳು.

"ತಲೆಸುತ್ತು ಅಂದದ್ದು ನಾನು," ಎಂದಳು.

ಸೋಕ್ ಹೂನಳ ಫೋನು ಬಡಿದುಕೊಂಡಿತು. ಮಗಳು.

"ಅಮ್ಮಾ, ಇಳಿದ್ರಾ? ಪೆನಾಂಗಿನ ಅಜ್ಜಿ ಫೋನ್ ಮಾಡಿದ್ರು, ಯಾರೂ ಬಂದೇ ಇಲ್ಲ ಅಂತ ಅಳ್ತಿದಾರೆ. ಎಲ್ಲಿದೀರಾ?"

"ಹೋಗಲಿಲ್ಲ ಶಾನ್. ಮನೆಗೇ ಬರ್ತಿದೀವಿ."

"ಅಯ್ಯೋ, ನಾನು ಏನೂ ಮಾಡಿಲ್ಲ. ಅನ್ನಕ್ಕೆ ಇಡ್ಲಾ? ಎಷ್ಟು ಜನಕ್ಕೆ?"

"ಮೂರು," ಎಂದಳು.

ಮುದುಕಿ ಕೈ ಚಾಚಿ ಫೋನನ್ನು ಕಸಿದುಕೊಂಡಳು.

"ನಾಲ್ಕು ಜನಕ್ಕೆ ಹಾಕು. ಅಮ್ಮನ ಮಾತು ಕೇಳಬೇಡ. ನಿಮ್ಮಪ್ಪ ಬರೋದು ತಡ ಆಗುತ್ತೆ, ಅವನ ಪಾಲು ಮುಚ್ಚಿಡು."

"ಎಷ್ಟು ತಡ ಆಮಾ?"

ಮುದುಕಿ ಫೋನನ್ನು ಸೊಸೆಯ ಕೈಗೆ ಮರಳಿ ಕೊಟ್ಟಳು. ಅತ್ತಲಿಂದ ಮಗಳು ಇನ್ನೂ ಕೇಳುತ್ತಲೇ ಇದ್ದಳು.